ಮೊದಲು ಅವಳ ನಿದ್ದೆ ಉಳಿಸಿ

"ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಊರಿಗೆ ಬಂದರೂ ರಾತ್ರಿ ಎರಡರವರೆಗೆ ಮೊಬೈಲ್ ಬಿಡುವುದಿಲ್ಲ, ಮಾತಾಡಿಸಿದರೆ ಸಿಡುಕುತ್ತಾಳೆ. ಎರಡು ಸಬ್ಜೆಕ್ಟ್ ಹೋಗಿವೆ. ಫೋನ್ ಕಿತ್ತುಕೊಂಡು ಕೀಪ್ಯಾಡ್ ಸೆಟ್ ಕೊಡಿಸೋಣವೇ?"
– ಅರಸೀಕೆರೆಯ ಒಬ್ಬ ತಾಯಿ

ಸಂಪಾದಕರ ಉತ್ತರ:

ಬೇಡಮ್ಮ, ಕಿತ್ತುಕೊಳ್ಳಬೇಡಿ. ಈಗ ಅರ್ಧ ಕಾಲೇಜು ಆ ಫೋನಿನೊಳಗೇ ಇದೆ. ನೋಟ್ಸ್ ಬರುವುದು ವಾಟ್ಸ್ಆ್ಯಪ್ ಗ್ರೂಪಿಗೆ. ಫಲಿತಾಂಶ ನೋಡುವುದು ವಿಶ್ವವಿದ್ಯಾಲಯಗಳ ವೆಬ್‌ಸೈಟ್ ಆದ ಯುಯುಸಿಎಂಎಸ್‌ನಲ್ಲಿ. ಕ್ಯಾಂಟೀನಿನಲ್ಲಿ ದುಡ್ಡು ಕೊಡುವುದೂ ಫೋನಿನಿಂದಲೇ. ಕೀಪ್ಯಾಡ್ ಸೆಟ್ ಹಿಡಿದು ಹೋದರೆ ತರಗತಿಯಲ್ಲಿ ಅವಳು ಇನ್ನಷ್ಟು ಒಂಟಿಯಾಗುತ್ತಾಳೆ.

ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು 'ರಾತ್ರಿ ಎರಡು' ಅನ್ನುವ ಮಾತು. ಹಾಸ್ಟೆಲಿನಲ್ಲೂ ಹೀಗೇ ಮಲಗಿ, ಬೆಳಗ್ಗೆ ಏಳಕ್ಕೆ ಎದ್ದರೆ ಸಿಗುವುದು ಐದೇ ಗಂಟೆ ನಿದ್ದೆ. ಆ ವಯಸ್ಸಿಗೆ ಏಳು ಗಂಟೆಯಾದರೂ ಬೇಕು. ನಿದ್ದೆಗೆಟ್ಟರೆ ಸಿಡುಕು ತಾನಾಗಿ ಬರುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ, ಹಾಗಾಗಿ ಓದಿಯೂ ತಲೆಗೆ ಹತ್ತುವುದಿಲ್ಲ. ಪರದೆಯ ಬೆಳಕು ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ತಡಮಾಡುತ್ತದೆ, ನಿಜ. ಅದಕ್ಕಿಂತ ದೊಡ್ಡ ತೊಂದರೆ ರೀಲ್ಸ್‌ಗೆ ಕೊನೆಯೇ ಇಲ್ಲದಿರುವುದು. ಧಾರಾವಾಹಿಯಾದರೆ ಅರ್ಧ ಗಂಟೆಗೆ ಮುಗಿಯುತ್ತೆ, ಎದ್ದು ಹೋಗುತ್ತೇವೆ. ಇದನ್ನು ಮುಗಿಯದ ಹಾಗೆ ಬೇಕಂತಲೇ ಮಾಡಿದ್ದಾರೆ. ನಲವತ್ತು ದಾಟಿದವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ, ಅಲ್ವಾ? ಅವಳನ್ನು ಸೋಮಾರಿ ಅನ್ನಬೇಡಿ.

ಇನ್ನೊಂದು ವಿಷಯ. ಕನ್ನಡದಲ್ಲಿ ಓದಿ ಬಂದವರಿಗೆ ಅಕೌಂಟೆನ್ಸಿಯ ಪಾಠ ಇಂಗ್ಲಿಷಿನಲ್ಲಿ ಶುರುವಾದಾಗ ಬಾಯಿ ಕಟ್ಟಿದಂತಾಗುತ್ತದೆ. ಕೈ ಎತ್ತಿ ಕೇಳಲು ನಾಚಿಕೆ. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬರುವ ಎಷ್ಟೋ ಮಕ್ಕಳಿಗೆ ರಾತ್ರಿ ಆ ಫೋನೇ ಸಮಾಧಾನ. ಮೊಬೈಲಿನಿಂದ ಬೇಸರವೋ, ಬೇಸರಕ್ಕೆ ಮೊಬೈಲೋ ಎಂಬ ಬಗ್ಗೆ ಸಂಶೋಧಕರಲ್ಲೇ ಇನ್ನೂ ಒಮ್ಮತವಿಲ್ಲ. ಹೋದ ಸಬ್ಜೆಕ್ಟ್ ಯಾವುದು, ಎಲ್ಲಿ ತಿಳಿಯಲಿಲ್ಲ ಎಂದು ಗದರದೆ ಕೇಳಿ. ಒಂದು ಟ್ಯೂಷನ್ ಸಾಕಾಗಬಹುದು.

ಮನೆಯಲ್ಲಿದ್ದಾಗ ರಾತ್ರಿ ಹನ್ನೊಂದರ ಮೇಲೆ ಎಲ್ಲರ ಫೋನೂ ನಡುಮನೆಯಲ್ಲೇ ಚಾರ್ಜ್ ಆಗಲಿ, ನಿಮ್ಮದೂ, ನಿಮ್ಮ ಯಜಮಾನರದೂ. ಹಾಸ್ಟೆಲಿಗೆ ಒಂದು ಅಲಾರಾಂ ಗಡಿಯಾರ ಕೊಟ್ಟು ಕಳಿಸಿ. ಫೋನ್ ದಿಂಬಿನ ಕೆಳಗೆ ಇರಬೇಕಾದ ಕಾರಣ ಒಂದಾದರೂ ಕಡಿಮೆಯಾಗುತ್ತದೆ.

ಇಷ್ಟಾದರೂ ಬಿಡಿಸಿಕೊಳ್ಳಲು ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ಊಟ ಬಿಟ್ಟರೆ, ಗೆಳತಿಯರಿಂದ ದೂರವಾದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳೇ ಮಾಡಬೇಕೆಂದೇನಿಲ್ಲ. ಏನು ಮಾಡಲಿ ಎಂದು ನೀವೂ ಕೇಳಬಹುದು.