ಒಂಟಿಯಾಗಿರುವ ವೃದ್ಧರನ್ನೂ ವಿಕಲಚೇತನರನ್ನೂ ಗ್ರಂಥಾಲಯಕ್ಕೆ ಕರೆತರುವುದು ಹೇಗೆ?

ಆಲೂರು ತಾಲ್ಲೂಕಿನ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರನ್ನು ಬಿಟ್ಟರೆ ಬೇರೆ ಯಾರೂ ಬರುತ್ತಿಲ್ಲವೆಂದೂ, ಒಂಟಿಯಾಗಿ ಬದುಕುತ್ತಿರುವ ವೃದ್ಧರನ್ನು, ವಿಕಲಚೇತನರನ್ನು ಅಲ್ಲಿಗೆ ಕರೆತರಲು ಯಾವ ಕಾರ್ಯಕ್ರಮ ಮಾಡಬಹುದೆಂದೂ ಕೇಳಿದ್ದೀರಿ. ಮೂಡಿಗೆರೆ ತಾಲ್ಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ಹಲವು ವರ್ಷಗಳಿಂದ ಮೇಲ್ವಿಚಾರಕಿಯಾಗಿರುವ ನಾನು ಹೇಳುವುದಿಷ್ಟು: ಅವರನ್ನು ಕರೆತರುವ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಪುಸ್ತಕ ಹಿಡಿದು ನೀವೇ ಅವರ ಮನೆಗೆ ಹೋಗಿ.

ಕಾರ್ಯಕ್ರಮದ ದಾರಿಯನ್ನು ನಾನೂ ಹಿಡಿದಿದ್ದೆ. ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಕ್ಕೆ ಕುರ್ಚಿ ಹಾಕಿಸಿ, ಉಪ್ಪಿಟ್ಟು ಮಾಡಿಸಿ, ಊರಿಡೀ ಹೇಳಿ ಬಂದಿದ್ದೆ. ಅಂದು ಬಂದವರೆಲ್ಲ ದಿನವೂ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾಲ್ಕು ಜನರೊಂದಿಗೆ ಮಾತನಾಡುವವರೇ. ನಾನು ಯಾರಿಗಾಗಿ ಕುರ್ಚಿ ಹಾಕಿಸಿದ್ದೆನೋ ಅವರಲ್ಲಿ ಒಬ್ಬರೂ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ನಮ್ಮ ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟ, ಗದ್ದೆ, ಹಳ್ಳ ದಾಟಿ ಹೋಗಬೇಕು. ಮಂಡಿನೋವಿನ ಅಜ್ಜಿಯೊಬ್ಬರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳವೇ ಗಡಿ.

ಅಂಥವರು ಎಲ್ಲಿದ್ದಾರೆಂದು ತಿಳಿಯಲು ಸಮೀಕ್ಷೆಯೇನೂ ಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೆ, ಪಿಂಚಣಿ ಕೊಟ್ಟು ಬರುವ ಪೋಸ್ಟ್‌ಮ್ಯಾನ್‌ಗೆ, ಪಂಚಾಯಿತಿಯಲ್ಲಿ ವಿಕಲಚೇತನರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಹೆಬ್ಬೆಟ್ಟು ಕೊಡಲು ಈ ತಿಂಗಳು ಯಾರು ಬರಲಿಲ್ಲವೆಂದು ಬಲ್ಲ ನ್ಯಾಯಬೆಲೆ ಅಂಗಡಿಯವರಿಗೆ ಇದೆಲ್ಲ ಗೊತ್ತಿರುತ್ತದೆ. ಮೊದಲ ಬಾರಿ ಅವರಲ್ಲೇ ಒಬ್ಬರ ಜೊತೆ ಹೋಗಿ. ಅಪರಿಚಿತರು ಒಬ್ಬರೇ ಬಂದು ಬಾಗಿಲು ಬಡಿದರೆ ಒಂಟಿಯಾಗಿರುವವರು ಹೆದರುತ್ತಾರೆ, ಹೆದರುವುದು ಸಹಜವೂ ಹೌದು.

ನಮ್ಮಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಪೊರೆಯ ಆಪರೇಷನ್ ಆದ ಮೇಲೂ ಒಂದು ಕಣ್ಣು ಮಂಜಾಗಿಯೇ ಉಳಿದಿದೆ. ಮೊದಲ ದಿನ ನಾನು ಹುಡುಕಿ ಒಯ್ದಿದ್ದ ದೊಡ್ಡ ಅಕ್ಷರದ ನೀತಿಕಥೆಗಳನ್ನು ಅವರು ಮುಟ್ಟಲೂ ಇಲ್ಲ. "ಪೇಪರ್ ತಂದಿದೀಯಾ ಮಗಳೇ? ಇವತ್ತಿನ ರೇಟ್ ಓದು," ಎಂದರು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂದು 50 ಕೆಜಿ ಚೀಲದ ಕಾಫಿ ದರಗಳನ್ನು ಒಂದೊಂದಾಗಿ ಓದಿದೆ. ಕರಿಮೆಣಸಿನ ದರವನ್ನು ಎರಡು ಸಲ ಓದಿಸಿಕೊಂಡರು. ತೋಟ ಮಾರಿ ಎಷ್ಟೋ ವರ್ಷಗಳಾಗಿವೆ, ಮಾರಲು ಅವರ ಬಳಿ ಒಂದು ಹಿಡಿ ಬೀಜವೂ ಇಲ್ಲ. ಆದರೂ ಮುಂದಿನ ವಾರ ಹೋದಾಗ ಹಿಂದಿನ ವಾರದ ದರಗಳೆಲ್ಲ ಅವರ ಬಾಯಲ್ಲೇ ಇದ್ದವು, ಏರಿದ್ದೆಷ್ಟು ಇಳಿದದ್ದೆಷ್ಟು ಎಂದು ನನಗೇ ಲೆಕ್ಕ ಹೇಳಿದರು. ಐದನೆಯ ವಾರ ತಾವಾಗಿಯೇ, ಹಕ್ಕಿಗಳ ಬಗ್ಗೆ ಬಣ್ಣದ ಚಿತ್ರಗಳಿರುವ ಪುಸ್ತಕವಿದೆಯೇ ಎಂದು ಕೇಳಿದರು. ಪ್ರತಿ ಓದುಗರಿಗೂ ಅವರವರ ಪುಸ್ತಕ ಸಿಗಬೇಕೆಂದು ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ನಿಯಮಗಳಲ್ಲಿ ಸೇರಿಸಿದ್ದನ್ನು ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಜಗಲಿಯ ಮೇಲೆ.

ಅಕ್ಕಿ, ಬೇಳೆ, ಕಂಬಳಿ ಹಂಚಲು ಬರುವವರು ಕೊಟ್ಟು ಹೊರಟುಹೋಗುತ್ತಾರೆ. ಅವರು ಮತ್ತೆ ಬರಬೇಕೆಂಬ ಕಟ್ಟುಪಾಡು ಏನೂ ಇಲ್ಲ. ಎರವಲು ಕೊಟ್ಟ ಪುಸ್ತಕವನ್ನಾದರೋ ವಾಪಸ್ ತರಲು ಹೋಗಲೇಬೇಕು, ಮತ್ತು ಇಸಿದುಕೊಂಡವರು ಅದನ್ನು ಜೋಪಾನ ಮಾಡಿಟ್ಟು ಹಿಂದಿರುಗಿಸಲೇಬೇಕು. ಈ ಕೊಡು-ಕೊಳ್ಳುವಿಕೆಯಲ್ಲಿ ಅವರು ಫಲಾನುಭವಿಯಲ್ಲ, ಗ್ರಂಥಾಲಯದ ಸದಸ್ಯರು. ಆದ್ದರಿಂದ ದಯವಿಟ್ಟು ಯಾವ ಪುಸ್ತಕವನ್ನೂ 'ಇಟ್ಟುಕೊಳ್ಳಿ ಅಜ್ಜಿ' ಎಂದು ಕೊಟ್ಟುಬಿಡಬೇಡಿ. ಸದಸ್ಯತ್ವದ ಕಾರ್ಡ್ ಬರೆಯಿರಿ, ರಿಜಿಸ್ಟರಿನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಿ, ವಾಪಸ್ ಕೊಡುವ ತಾರೀಖನ್ನು ಓದಿ ಹೇಳಿ. ವಾರವನ್ನೂ ಗಟ್ಟಿಮಾಡಿಕೊಳ್ಳಿ. ನನ್ನದು ಗುರುವಾರ, ಅಂದು ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ತಲೆ ಬಾಚಿಕೊಂಡು, ಹೊಸ ಸೀರೆಯುಟ್ಟು, ಪುಸ್ತಕವನ್ನು ಒಗೆದ ಟವಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಾರೆ. ಹತ್ತು ಮನೆಗೆ ಮನಸ್ಸು ಬಂದಾಗ ಹೋಗುವುದಕ್ಕಿಂತ ಮೂರು ಮನೆಗೆ ತಪ್ಪದೆ ಹೋಗುವುದು ಮೇಲು.

ಇದೇನು ಉಪಕಾರವೂ ಅಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದಾಗಿ ಮನೆಗಂದಾಯದ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಗ್ರಂಥಾಲಯದ ಮೆಟ್ಟಿಲನ್ನೇ ತುಳಿಯದ ಆ ಅಜ್ಜಿಯ ರಸೀದಿಯಲ್ಲೂ ಅದಿದೆ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಆಶಾ, ಅಂಗನವಾಡಿಯವರೊಂದಿಗೆ ಕೂಡಿ ಕೆಲಸ ಮಾಡುವುದು ಇನ್ನಷ್ಟು ಸುಲಭವಾಗಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಲ್ಲಿ ಅನುಮತಿ ಕೇಳುವಾಗ ಈ ಕರದ ಮಾತನ್ನು ತಪ್ಪದೆ ಹೇಳಿ.

ಓದಲಾಗದವರಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ. ದೃಷ್ಟಿದೋಷವಿರುವ ಯುವಕ ಯುವತಿಯರು ನಿಮ್ಮಲ್ಲಿದ್ದರೆ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯಕ್ಕೆ ಅವರನ್ನು ಸೇರಿಸಿ, ಮೊಬೈಲ್‌ನಲ್ಲಿ ಕೇಳುವುದನ್ನು ಕಲಿಸಿಕೊಡಿ. ತೋಟದ ಕೆಲಸಗಾರರಿರುವ ಲೈನ್‌ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ಅಲ್ಲಿಯ ಹೆಂಗಸರಿಗೆ ನಮ್ಮ ಭಾಷೆ ಬಾರದೆ ಅವರು ಬೇರೊಂದು ಬಗೆಯಲ್ಲಿ ಒಂಟಿಯಾಗಿದ್ದಾರೆ. ಚಿತ್ರಪುಸ್ತಕ ಒಯ್ದು ಮಕ್ಕಳನ್ನೂ ತಾಯಂದಿರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಮಕ್ಕಳು ಕನ್ನಡದಲ್ಲಿ ಹೇಳಿದ್ದನ್ನೇ ತಾಯಂದಿರು ತಿರುಗಿ ಹೇಳತೊಡಗಿದರು.

ಎರಡು ವಿಷಯಗಳಲ್ಲಿ ಮಾತ್ರ ಬಹಳ ಎಚ್ಚರವಾಗಿರಿ. ಪುಸ್ತಕ ಕೊಡುವ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಯಾರ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆಂಬುದು ಊರಿಗೆಲ್ಲ ತಿಳಿಯಬಾರದ ಸಂಗತಿ. ಅವರ ಪಾಸ್‌ಬುಕ್ಕು, ಜಮೀನಿನ ಪತ್ರ ಓದಿ ಹೇಳಿದರೂ ಅದರೊಳಗಿನ ಮಾತು ಆ ಜಗಲಿ ದಾಟಕೂಡದು. ಇನ್ನೊಂದು, ನಾವು ಗ್ರಂಥಾಲಯದವರೇ ಹೊರತು ವೈದ್ಯರಲ್ಲ. ಊಟ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಮನೆಯವರೇ ಹಿಂಸಿಸುತ್ತಿರುವಂತೆ ಕಂಡರೆ ಸಮಾಧಾನ ಹೇಳಿ ಎದ್ದುಬರಬೇಡಿ; ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416, ಹಿರಿಯರ ನೆರವಿಗೆ ಎಲ್ಡರ್‌ಲೈನ್‌ನ 14567 ಇವೆ, ಅಲ್ಲೇ ಕುಳಿತು ಅವರ ಒಪ್ಪಿಗೆ ಪಡೆದು ಕರೆ ಮಾಡಿ. ಎರಡೂ ಸಂಖ್ಯೆಗಳನ್ನು ನನ್ನ ರಿಜಿಸ್ಟರಿನ ರಟ್ಟಿನ ಒಳಗೆ ಬರೆದಿಟ್ಟುಕೊಂಡಿದ್ದೇನೆ. ಅದರ ಕೆಳಗೆ ಪ್ರತಿ ಸದಸ್ಯರ ಹತ್ತಿರದ ಮನೆಯವರ ಫೋನ್ ನಂಬರ್ ಇದೆ. ಗುರುವಾರ ಹೋದಾಗ ಕದ ತೆರೆಯದಿದ್ದರೆ ನಾನು ಮೊದಲು ಅವರಿಗೆ ಫೋನ್ ಮಾಡುತ್ತೇನೆ.