ಗಾಡಿ ಹೊರಡುವ ಮೊದಲು ಒಂದು ಫೋನ್ ಮಾಡಿ

ಜೂನ್ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರ ಇರುತ್ತವೆ. ಕೊಡಗಿನಲ್ಲಿ ಮಳೆ ಜೋರಾದರೆ ಏನು ಕಳಿಸಲಿ, ಎಲ್ಲಿಗೆ ಕಳಿಸಲಿ, ಆಫೀಸಿನವರನ್ನು ಯಾಕೆ ಕೇಳಲಿ? ನೆರವಿಗೆ ಬರುವ ಸಂಸ್ಥೆಗಳ ನಡುವೆ ಹೊಂದಾಣಿಕೆ ಮಾಡಿಸುವುದು ನನ್ನ ಕೆಲಸ. ಹೋದ ವರ್ಷವೂ ಇದಕ್ಕೆಲ್ಲ ಉತ್ತರ ಬರೆದಿದ್ದೆ. ಈ ಸಲ ಒಂದು ಪ್ರಶ್ನೆಯನ್ನು ಹಿಡಿದು ಪೂರ್ತಿ ಹೇಳುತ್ತೇನೆ. ಕಿಟ್ ಕಟ್ಟುವುದು ಹೇಗೆ ಎಂಬುದನ್ನು ಬಿಡುತ್ತೇನೆ, ಅದು ನಿಮಗೆ ಗೊತ್ತು.

ನಮ್ಮ ಯುವಕ ಸಂಘದಿಂದ ಪಿಕಪ್ ತುಂಬಾ ಸಾಮಾನು ತರುತ್ತೇವೆ. ಕಂಟ್ರೋಲ್ ರೂಮಿನಲ್ಲಿ ಹೆಸರು ಬರೆಸಿ, ಸಭೆಗೆ ಬನ್ನಿ ಅನ್ನುತ್ತಾರೆ. ಜನ ಹಸಿದು ಕೂತಿರುವಾಗ ಸಭೆ ಯಾಕೆ? ನೇರ ಊರಿಗೆ ಹೋಗಿ ಕೊಟ್ಟರೆ ತಪ್ಪೇನು? (ಕುಶಾಲನಗರದ ಓದುಗರು)

ತಪ್ಪಿದೆ. ಹೇಗೆ ಅಂತ ಹೇಳುತ್ತೇನೆ ಕೇಳಿ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ. ನೋಡುನೋಡುತ್ತಿದ್ದಂತೆ ಗುಡ್ಡಗಳೇ ಇಳಿದು ಬಂದವು. ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಜೋಡುಪಾಲದ ಕಡೆಯವರಲ್ಲಿ ಕೆಲವರು ಮಡಿಕೇರಿಗೆ ಬಂದರು, ಇನ್ನು ಕೆಲವರು ಕೆಳಗಿಳಿದು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಶಿಬಿರಗಳಿಗೆ ಹೋದರು. ಒಂದೇ ಊರಿನವರು ಎರಡು ಜಿಲ್ಲೆಗಳ ಪಟ್ಟಿಯಲ್ಲಿ! ಅದೇ ಹೊತ್ತಿಗೆ ರಾಜ್ಯದ ಎಲ್ಲ ಕಡೆಯಿಂದ ಗಾಡಿಗಳು ಹೊರಟವು. ಹೊರಟವರಿಗೆ ಗೊತ್ತಿದ್ದದ್ದು ಮಡಿಕೇರಿ, ಮತ್ತೆ ಟಿವಿಯಲ್ಲಿ ಬಂದ ನಾಲ್ಕು ಊರು.

ಆಗ ಒಂದು ಶಾಲೆಯ ಶಿಬಿರಕ್ಕೆ ಹೋಗಿದ್ದೆ. ಏಳನೇ ಕ್ಲಾಸಿನ ಕೋಣೆ ತುಂಬಾ ಬ್ರೆಡ್ಡು, ಕಿಟಕಿಯ ಎತ್ತರಕ್ಕೆ ಪೇರಿಸಿಟ್ಟಿದ್ದರು. ಆ ಥಂಡಿಗೆ ಕವರಿನ ಒಳಗೆಲ್ಲ ಹಸಿರು ಬೂಷ್ಟು ಬಂದಿತ್ತು. ಪಕ್ಕದ ಕೋಣೆಯಲ್ಲಿ ಮುಟ್ಟಾಗಿದ್ದ ಹುಡುಗಿಯೊಬ್ಬಳು ಹಳೆ ಪಂಚೆ ಇದ್ದರೆ ಹರಿದುಕೊಡಿ ಅಂತ ಅಡುಗೆಯವರನ್ನು ಕೇಳುತ್ತಿದ್ದಳು. ಅಷ್ಟು ಸಾಮಾನಿನಲ್ಲಿ ಒಂದು ಪ್ಯಾಡಿನ ಪ್ಯಾಕೆಟ್ ಇರಲಿಲ್ಲ, ಒಂದು ಒಳಲಂಗ ಇರಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ತೋಟದ ಲೈನ್ ಮನೆಯವರಿಗೆ (ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರಿಗೆ) ಆ ಬ್ರೆಡ್ಡೂ ತಲುಪಿರಲಿಲ್ಲ. ಟಾರ್ ರಸ್ತೆ ಮುಗಿದಲ್ಲಿ ಪಿಕಪ್ ನಿಂತುಬಿಡುತ್ತದೆ, ಅಲ್ವಾ?

ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರು ಇದ್ದಾರೆ. ಅವರ ರೇಷನ್ ಕಾರ್ಡ್ ಇಲ್ಲಿಲ್ಲ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವರಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರಷ್ಟೇ ಅವರು ಅಲ್ಲಿದ್ದಾರೆಂದು ಹೊರಗೆ ಗೊತ್ತಾಗುವುದು. ಎರವರ, ಜೇನುಕುರುಬರ ಹಾಡಿಗಳದ್ದೂ ಹೀಗೇ. ನೆಂಟರ ಮನೆಗೆ ಹೋಗಿ ಉಳಿದವರಂತೂ ಯಾವ ಶಿಬಿರದ ಲೆಕ್ಕಕ್ಕೂ ಸಿಗುವುದಿಲ್ಲ. ನಾಲ್ಕು ಜನರ ಅಡುಗೆಮನೆಯಲ್ಲಿ ಹದಿನಾಲ್ಕು ಜನ ಊಟ ಮಾಡುತ್ತಿರುತ್ತಾರೆ, ಅವರ ಬಾಗಿಲಿಗೆ ಒಂದು ಕಿಟ್ ಬರುವುದಿಲ್ಲ.

ನೀವು ಬೈಯುವ ಆ ಸಭೆಯಲ್ಲಿ ಆಗಬೇಕಾದ್ದು ಇಷ್ಟೇ: ಯಾರು, ಏನು, ಎಲ್ಲಿ, ಯಾವಾಗ. ನಾವು ಶಾಲೆಯ ಕರಿಹಲಗೆಯ ಮೇಲೇ ಗೆರೆ ಎಳೆದು ಬರೆಯುತ್ತೇವೆ. ಒಂದು ಸಂಜೆ ಟಾರ್ಪಾಲಿನ ಸಾಲಿನಲ್ಲಿ ಐದು ಸಂಸ್ಥೆಗಳ ಹೆಸರಿತ್ತು. ಅದರ ಕೆಳಗೆ ಬಿಪಿ, ಶುಗರ್ ಮಾತ್ರೆಯ ಸಾಲು ಖಾಲಿ. ಐವರಲ್ಲಿ ಒಬ್ಬರು ಹಲಗೆಯನ್ನು ನೋಡುತ್ತಾ ನಿಂತರು, ಚಾಕ್ ತೆಗೆದುಕೊಂಡು ತಮ್ಮ ಹೆಸರು ಅಳಿಸಿದರು, ಕೆಳಗಿನ ಸಾಲಿನಲ್ಲಿ ಬರೆದರು. ಮಾರನೇ ದಿನ ಡಾಕ್ಟರನ್ನು ಕರೆದುಕೊಂಡು ಮಾತ್ರೆ ತಂದರು. ಹೊಂದಾಣಿಕೆ ಅಂದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು ಆ ಚಾಕ್ ಹಿಡಿದ ಕೈ.

ಇದು ನಾನು ಕಂಡುಹಿಡಿದದ್ದಲ್ಲ. 2001ರಲ್ಲಿ ಕಛ್ ಭೂಕಂಪವಾದಾಗ ಅಲ್ಲಿನ ಸಂಸ್ಥೆಗಳ ಒಕ್ಕೂಟವಾದ ಕಛ್ ನವನಿರ್ಮಾಣ ಅಭಿಯಾನವು ಅಷ್ಟಷ್ಟು ಹಳ್ಳಿಗಳಿಗೊಂದು ಕೇಂದ್ರ ತೆರೆಯಿತು. ಅದಕ್ಕೆ ಇಟ್ಟ ಹೆಸರು ‘ಸೇತು’. ಹಳ್ಳಿಯ ಬೇಡಿಕೆ ಅಲ್ಲಿಂದ ಮೇಲೆ ಹೋಗಬೇಕು, ನೆರವು ಅಲ್ಲಿಂದ ಕೆಳಗೆ ಬರಬೇಕು. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ನಾಗಪಟ್ಟಿಣಂನಲ್ಲೂ ಸಂಸ್ಥೆಗಳೇ ಸೇರಿ ಜಿಲ್ಲಾಡಳಿತದ ಜೊತೆ ಇಂಥದೇ ಕೇಂದ್ರ ನಡೆಸಿದವು. ವಿಶ್ವಸಂಸ್ಥೆ 2005ರಿಂದ ನೀರು, ಆರೋಗ್ಯ, ವಸತಿ ಎಂದು ಕೆಲಸ ಹಂಚಿ, ಒಂದೊಂದಕ್ಕೆ ಒಂದು ಮುಂದಾಳು ಸಂಸ್ಥೆಯನ್ನು ಇಟ್ಟಿದೆ. ನಮ್ಮಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಮುಖ್ಯಸ್ಥರು ಜಿಲ್ಲಾಧಿಕಾರಿ. ಕೇಂದ್ರದ ವಿಪತ್ತು ಪಡೆ ಎನ್‌ಡಿಆರ್‌ಎಫ್ ಬರಲಿ, ನಿಮ್ಮ ಸಂಘ ಬರಲಿ, ಎಲ್ಲರ ಲೆಕ್ಕವೂ ಅಲ್ಲಿ ಸೇರಬೇಕು.

ಸಂಸ್ಥೆಗಳಿಗೂ ಒಂದು ಮಾತು ಹೇಳಬೇಕು. ಹೆಸರು ಹೇಳಲಾರೆ, ಒಂದು ಸಂಸ್ಥೆ ತನ್ನ ಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ. ‘ಇವರು ನಮ್ಮ ಫಲಾನುಭವಿಗಳು’ ಅಂದರು. ಅದರಿಂದ ಏನಾಯಿತು ಗೊತ್ತಾ? ಮನೆ ಕಳೆದುಕೊಂಡ ಒಬ್ಬ ಅಜ್ಜಿಯನ್ನು ಒಂದೇ ವಾರದಲ್ಲಿ ಮೂರು ಕಡೆಯವರು ಕೂರಿಸಿಕೊಂಡು ಅದೇ ಪ್ರಶ್ನೆ ಕೇಳಿದರು. ಎಷ್ಟು ಜನ, ಎಷ್ಟು ಜಾಗ, ಯಾರು ಹೋದರು. ಮೂರನೇ ಸಲ ಆಕೆ ಬಾಯಿ ಬಿಡಲಿಲ್ಲ. ಆಧಾರ್ ಜೆರಾಕ್ಸ್‌ಗಳಿದ್ದ ಪ್ಲಾಸ್ಟಿಕ್ ಕವರನ್ನು ಮುಂದೆ ತಳ್ಳಿ, ಮುಖ ತಿರುಗಿಸಿ ಕೂತರು. ಪಟ್ಟಿ ಬಚ್ಚಿಡುವವರು ಆ ಅಜ್ಜಿಯ ಎದುರು ಹೋಗಿ ನಿಲ್ಲಬೇಕು. ಎರಡು ಗಂಟೆ ಸಭೆ ಎಳೆಯುವ ಅಧಿಕಾರಿಗಳ ಮೇಲೂ ನನಗೆ ಸಿಟ್ಟಿದೆ. ನಿಂತುಕೊಂಡೇ ಮಾತಾಡಿದರೆ 20 ನಿಮಿಷ ಸಾಕು.

ಈಗ ನಿಮ್ಮ ಪಿಕಪ್ ವಿಷಯ. ಸಾಮಾನು ತುಂಬುವ ಮೊದಲು ಜಿಲ್ಲೆಯ ಕಂಟ್ರೋಲ್ ರೂಮಿಗೆ, 1077ಕ್ಕೆ ಫೋನ್ ಮಾಡಿ. ‘ಏನು ತರಲಿ’ ಅಂತಷ್ಟೇ ಕೇಳಬೇಡಿ, ‘ಯಾವ ಊರಿಗೆ ಇನ್ನೂ ಯಾರೂ ಹೋಗಿಲ್ಲ’ ಅಂತ ಕೇಳಿ. ಗಾಡಿ ಎಷ್ಟು ದೊಡ್ಡದು, ಜೊತೆಗೆ ಎಷ್ಟು ಜನ, ಯಾವ ದಿನ ಬರುತ್ತೀರಿ ಎಂದು ಹೇಳಿ. ಅವರು ಬೇರೆ ಊರು ಹೇಳಿದರೆ ಅಲ್ಲಿಗೇ ಹೋಗಿ. ಈ ವಾರ ಬೇಡ ಅಂದರೆ ಕಾಯಿರಿ.

ಶಿಬಿರವೊಂದನ್ನೇ ನೋಡಿಕೊಳ್ಳುವ ಆಸೆ ಇದ್ದರೆ ಅಳತೆಯಿಂದ ಶುರು ಮಾಡಿ. ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಲೆಯ ಮೇಲೆ ಸೂರಿರುವ 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ ಬೇಕು. 200 ಜನ ಇದ್ದರೆ 3,000 ಲೀಟರ್ ನೀರು, 10 ಶೌಚಾಲಯ. ಹಳ್ಳಿ ಶಾಲೆಯಲ್ಲಿ ಅಷ್ಟು ಎಲ್ಲಿದೆ? ನೀವು ಬಿಸ್ಕತ್ತಿಗೆ ಹಾಕುವ ದುಡ್ಡಿನಲ್ಲಿ ಒಂದು ನೀರಿನ ಟ್ಯಾಂಕ್ ಬರುತ್ತದೆ.

ಇನ್ನೊಂದು ನನ್ನದೇ ನಿಯಮ. ಕೆಲವರು ಹೆದರುಪುಕ್ಕಲುತನ ಅನ್ನುತ್ತಾರೆ, ಅನ್ನಲಿ. ಮಳೆ ಹಿಡಿದ ದಿನ ಮಧ್ಯಾಹ್ನ ಮೂರರ ಮೇಲೆ ಬರೆ (ಪಕ್ಕದಲ್ಲಿ ಕಡಿದಾಗಿ ನಿಂತ ಮಣ್ಣಿನ ಗೋಡೆ) ಇರುವ ರಸ್ತೆಗೆ ನಾನು ಯಾವ ಗಾಡಿಯನ್ನೂ ಬಿಡುವುದಿಲ್ಲ. ಬರೆ ಕುಸಿದರೆ ಕತ್ತಲಲ್ಲಿ ಹುಡುಕಬೇಕಾದ್ದು ನಿಮ್ಮನ್ನೇ. ಒಂದೇ ಗಾಡಿ ಹೋಗುವ ರಸ್ತೆಯಲ್ಲಿ ನಿಮ್ಮ ಪಿಕಪ್ ಅಡ್ಡ ಸಿಕ್ಕಿಕೊಂಡರೆ ಜೆಸಿಬಿಯೂ ಹೋಗುವುದಿಲ್ಲ, ಆಂಬುಲೆನ್ಸೂ ಹೋಗುವುದಿಲ್ಲ.

ಹಳೆ ಬಟ್ಟೆ ಕೊಡಬಹುದಾ? (ಮೈಸೂರು)

ಬೇಡ. ಎಷ್ಟು ಸಲ ಹೇಳಲಿ, ಬೇಡ.

ಶಿಬಿರದ ಮಕ್ಕಳಿಗೆ ಹಾಲಿನ ಪುಡಿ ಡಬ್ಬ, ಬಾಟಲಿ ಹಂಚಬೇಕೆಂದಿದ್ದೇವೆ. (ವಿರಾಜಪೇಟೆ)

ದಯವಿಟ್ಟು ಹಂಚಬೇಡಿ. ಶುದ್ಧ ನೀರಿಲ್ಲದ ಕಡೆ ಬಾಟಲಿ ಹಾಲಿನಿಂದ ಕೂಸಿಗೆ ಭೇದಿ ಹಿಡಿಯುತ್ತದೆ. ಹೀಗೆ ಪುಡಿ ಹಾಲು ಹಂಚುವುದಕ್ಕೆ ಶಿಶು ಆಹಾರ, ಬಾಟಲಿಗಳ ಕುರಿತ 1992ರ ಕಾಯ್ದೆಯ ತಡೆಯೂ ಇದೆ. ತಾಯಿಗೆ ಬಿಸಿ ಊಟ, ಮರೆಯಲ್ಲಿ ಕೂತು ಹಾಲೂಡಿಸಲು ಜಾಗ ಕೊಡಿ. ತಾಯಿಯಿಲ್ಲದ ಕೂಸಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಡಾಕ್ಟರ್ ಹೇಳಿದಂತೆ ಮಾಡುತ್ತಾರೆ.

ಇಲಿ ಜ್ವರ ಬಾರದಂತೆ ಒಬ್ಬರು ಹನಿ ಔಷಧ ಕೊಡುತ್ತಾರಂತೆ. ಶಿಬಿರಕ್ಕೆ ಕರೆಸಲೇ? (ಸಿದ್ದಾಪುರ)

ಕರೆಸಬೇಡಿ. ಬಂದರೆ ಗೇಟಿನಲ್ಲೇ ತಡೆದು ಆರೋಗ್ಯ ಇಲಾಖೆಗೆ ಹೇಳಿ. ಇಂಥವರ ಹನಿಯನ್ನು ನಂಬಿ ಜನ ಜ್ವರ ಇಟ್ಟುಕೊಂಡು ಕೂರುತ್ತಾರೆ, ಅಷ್ಟರಲ್ಲಿ ಕಿಡ್ನಿಗೆ ಏಟು ಬೀಳುತ್ತದೆ. ಕೆಸರಿನಲ್ಲಿ ಓಡಾಡುವವರಿಗೆ ಮಾತ್ರೆ ಬೇಕಾ ಎಂದು ಹೇಳಬೇಕಾದವರು ಡಾಕ್ಟರ್.

ಇಂಥ ದಿನ ಭೂಕಂಪ ಆಗುತ್ತದೆ ಅಂತ ವಿಡಿಯೋ ಬಂದಿದೆ. (ಸಂಪಾಜೆ)

ದಿನ ಹೇಳಲು ಜಗತ್ತಿನಲ್ಲಿ ಯಾರಿಗೂ ಆಗುವುದಿಲ್ಲ. 2022ರಲ್ಲಿ ನಿಮ್ಮ ಕಡೆ ನೆಲ ನಡುಗಿದಾಗ ಜನ ಎಷ್ಟು ಹೆದರಿದ್ದರು ಎಂದು ನಿಮಗೇ ಗೊತ್ತು. ಆ ವಿಡಿಯೋವನ್ನು ಮುಂದಕ್ಕೆ ಕಳಿಸಬೇಡಿ.

ಸಾಮಾನು ಬೇಡ ಅಂದರೆ ದುಡ್ಡು ಕೊಡುತ್ತೇವೆ. ಯಾವಾಗ ಕೊಟ್ಟರೆ ಒಳ್ಳೆಯದು? (ಸೋಮವಾರಪೇಟೆ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಅರ್ಧ ಈಗ ಕೊಡಿ, ಅರ್ಧ ನವೆಂಬರಿಗೆ ಇಟ್ಟುಕೊಳ್ಳಿ. ಆಗಸ್ಟಿನಲ್ಲಿ ಎಲ್ಲರೂ ಇರುತ್ತಾರೆ, ದೀಪಾವಳಿ ಹೊತ್ತಿಗೆ ಯಾರೂ ಇರುವುದಿಲ್ಲ. 2018ರಲ್ಲಿ ಮನೆ ಹೋದವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಮನೆ ಕಟ್ಟಿದರು. ಬೀಗದ ಕೈ ಸಿಗುವವರೆಗೆ ಎಷ್ಟೋ ಮಂದಿ ಬಾಡಿಗೆ ಮನೆಯಲ್ಲಿ ದಿನ ದೂಡಿದರು. ನವೆಂಬರಿನಲ್ಲಿ ಪಂಚಾಯಿತಿಗೆ ಹೋಗಿ ಪಿಡಿಒ ಹತ್ತಿರ ಪಟ್ಟಿ ಕೇಳಿ. ಮಕ್ಕಳ ಬಸ್ ಪಾಸ್, ಪುಸ್ತಕ, ಹೊಲಿಗೆ ಮೆಷಿನ್, ಲೈನ್ ಮನೆಗೆ ನಾಲ್ಕು ಶೀಟು. ಇಂಥವೇ ಇರುತ್ತವೆ.