ಸಂಪಾದಕರ ಉತ್ತರ: ಹೆಸರು ಬೇರೆ ಬೇರೆ, ಗುಳಿಗೆ ಒಂದೇ ಮನೆತನದ್ದು

ಪತ್ರದ ಸಾರ: ಮುಂಡರಗಿ ತಾಲೂಕಿನ ಓದುಗರೊಬ್ಬರು ತಮ್ಮ ತಂದೆಯ ಬಗ್ಗೆ ಬರೆದಿದ್ದಾರೆ. ತಂದೆಗೆ 58 ವರ್ಷ. ಬಿ.ಪಿ.ಗೆಂದು ಟೆಲ್ಮಿಸಾರ್ಟಾನ್ 40 ಮತ್ತು ಹೈಡ್ರೋಕ್ಲೋರೋಥಯಜೈಡ್ 12.5 ಕೂಡಿದ ಗುಳಿಗೆಯನ್ನು ದಿನಾ ನುಂಗುತ್ತಾರೆ. ಉಳ್ಳಾಗಡ್ಡಿ ಚೀಲ ಎತ್ತುವಾಗ ನಡ ಹಿಡಿದುಕೊಂಡಿತು. ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳದೆ ಐದು ದಿನದ ಬಿಡಿ ಗುಳಿಗೆ ಕಟ್ಟಿಕೊಟ್ಟರು. ಎರಡನೇ ದಿನಕ್ಕೆ ಹಗುರಾಯಿತೆಂದು ಮತ್ತೆ ಚೀಲ ಎತ್ತಿದರು; ಮತ್ತೆ ನೋವು, ಮತ್ತೊಂದು ಪೊಟ್ಟಣ. ಒಂಬತ್ತು ದಿನ ಆಗಿದೆ, ಹೊಟ್ಟೆ ಉರಿ ಶುರುವಾಗಿದೆ. ‘ಊಟ ಮಾಡಿ ತಗೊಂಡ್ರ ಏನೂ ಆಗೂದಿಲ್ಲ ಅಂತಾರ, ಖರೇನ್ರಿ?’ ಎಂದು ಕೇಳಿದ್ದಾರೆ.

ನಮಸ್ಕಾರ.

ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ ಮಾತನ್ನು ಇಲ್ಲಿಯೂ ಮೊದಲಿಗೇ ಇಡುತ್ತೇವೆ. ಇಂಥದೇ ಪೊಟ್ಟಣ ನಮ್ಮ ಕಡೆಯ ಎಷ್ಟೋ ಮನೆಗಳ ಮಾಡದಲ್ಲಿ ಇರುತ್ತದೆ. ಪೊಟ್ಟಣದಲ್ಲಿರುವ ನೋವಿನ ಗುಳಿಗೆ ಎರಡನ್ನೂ (ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್) ಈಗಲೇ ನಿಲ್ಲಿಸಿ. ಬಿ.ಪಿ. ಗುಳಿಗೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಅದನ್ನು ಡಾಕ್ಟರರು ಹೇಳಲಿ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಬಂದರೆ, ವಾಂತಿಯಲ್ಲಿ ರಕ್ತವೋ ಕಾಫಿಪುಡಿಯಂಥ ಕಪ್ಪು ಚೂರೋ ಕಂಡರೆ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೆ, ರಾತ್ರಿಯಾಗಿದ್ದರೂ ಕಾಯದೆ 108ಕ್ಕೆ ಕರೆ ಮಾಡಿ. ಮೂತ್ರ ಕಡಿಮೆಯಾದರೆ, ಮುಖ ಅಥವಾ ಕಾಲು ಬಾತರೆ ಅದೇ ದಿನ ಆಸ್ಪತ್ರೆಗೆ ತೋರಿಸಿ. ಇದಾವುದೂ ಇಲ್ಲದಿದ್ದರೂ ಮೂತ್ರಪಿಂಡದ ಸ್ಥಿತಿ ತಿಳಿಸುವ ಸೀರಮ್ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ಬಿ.ಪಿ. ನೋಡಿಸಿ. ಹೊಟ್ಟೆಯ ಹುಣ್ಣು ಎಷ್ಟೋ ಸಲ ನೋವೇ ಕೊಡದೆ ನೇರವಾಗಿ ರಕ್ತ ಸೋರಿಸುತ್ತದೆ. ಹೀಗಾಗಿ ‘ಉರಿ ಕಡಿಮೆಯಾಯಿತು’ ಎಂಬುದನ್ನು ಗುಣವಾದ ಲಕ್ಷಣವೆಂದು ತಿಳಿಯಬೇಡಿ.

ಇನ್ನು ಪೊಟ್ಟಣದ ಮಾತು. ಸ್ಟ್ರಿಪ್ಪಿನ ತುಂಡುಗಳ ಮೇಲಿನ ಹೆಸರನ್ನು ನೀವು ಅಕ್ಷರ ಅಕ್ಷರ ನೋಡಿ ಬರೆದು ಕಳಿಸಿದ್ದೀರಿ, ಅದರಿಂದ ಬಹಳ ಉಪಕಾರವಾಯಿತು. ಒಂದು, ಅಸಿಕ್ಲೋಫೆನಾಕ್ 100 ಮತ್ತು ಪ್ಯಾರಸಿಟಮಾಲ್ 325 ಕೂಡಿದ್ದು. ಎರಡು, ಡೈಕ್ಲೋಫೆನಾಕ್ 50. ಮೂರು, ರ‍್ಯಾನಿಟಿಡಿನ್ 150, ಹೊಟ್ಟೆಯ ಆಮ್ಲ ತಗ್ಗಿಸುವುದು. ನಾಲ್ಕನೆಯದು ಕಾಗದದಲ್ಲಿ ಸುತ್ತಿದ, ಹೆಸರಿಲ್ಲದ ಸಣ್ಣ ಬಿಳಿ ಗುಳಿಗೆ. ಎಲ್ಲವೂ ದಿನಕ್ಕೆ ಎರಡು ಸಲ.

ಮೊದಲ ತಪ್ಪು ಇಲ್ಲೇ ಇದೆ. ಅಸಿಕ್ಲೋಫೆನಾಕ್ ಮತ್ತು ಡೈಕ್ಲೋಫೆನಾಕ್ ಬೇರೆ ಬೇರೆ ಕಾಯಿಲೆಯ ಔಷಧಗಳಲ್ಲ, ಒಂದೇ ಮನೆತನದ ಅಣ್ಣತಮ್ಮಂದಿರು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಮಿಕ್ ಆಸಿಡ್, ನಿಮೆಸುಲೈಡ್, ಕೆಟೊರೊಲ್ಯಾಕ್, ಎಟೊರಿಕಾಕ್ಸಿಬ್ ಎಲ್ಲವೂ ಇದೇ ಮನೆಯವು. ಎರಡು ಎತ್ತು ಹೂಡಿದರೆ ಗಾಡಿ ಜೋರಾಗಿ ಎಳೆಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೋವು ಇಳಿಸುವ ಶಕ್ತಿಗೆ ಒಂದು ಮಿತಿ ಇದೆ. ಐಬುಪ್ರೊಫೆನ್ ಆದರೆ ಒಂದು ಸಲಕ್ಕೆ 400 ಮಿಲಿಗ್ರಾಂ ದಾಟಿದ ಮೇಲೆ ನೋವು ಅಷ್ಟೇನೂ ಹೆಚ್ಚಿಗೆ ಇಳಿಯುವುದಿಲ್ಲ. ಆದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಕೆಡುಕು ಪ್ರಮಾಣ ಏರಿದಂತೆ ಏರುತ್ತಲೇ ಹೋಗುತ್ತದೆ. ಎರಡನೇ ಗುಳಿಗೆಯಿಂದ ನಿಮ್ಮ ತಂದೆಯವರಿಗೆ ಸೇರಿದ್ದು ಬಹುಪಾಲು ಕೆಡುಕೇ.

ಹೆಸರಿಲ್ಲದ ಬಿಳಿ ಗುಳಿಗೆ ಏನೆಂದು ನೋಡದೆ ಹೇಳಲಾಗದು. ಆದರೆ ನೋವಿನ ಪೊಟ್ಟಣದಲ್ಲಿ ಹೀಗೆ ಸ್ಟೀರಾಯ್ಡ್ (ಬಾವು ಇಳಿಸುವ ಗಟ್ಟಿ ಔಷಧ) ಸೇರಿಸುವ ರೂಢಿ ಇದೆ. ಸ್ಟೀರಾಯ್ಡ್ ಮತ್ತು ನೋವಿನ ಗುಳಿಗೆ ಜೊತೆಯಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬಹಳ ಹೆಚ್ಚುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆಯೂ ಏರುತ್ತದೆ. ಒಂಬತ್ತು ದಿನ ಮಾತ್ರ ಆಗಿದ್ದರೆ ನಿಲ್ಲಿಸಲು ಸಾಮಾನ್ಯವಾಗಿ ತೊಂದರೆಯಿಲ್ಲ. ಇಂಥ ಗುಳಿಗೆಯನ್ನು ಮೂರು ವಾರಕ್ಕಿಂತ ಹೆಚ್ಚು ನುಂಗಿದವರು ಮಾತ್ರ ತಟ್ಟನೆ ಬಿಡಬಾರದು, ಡಾಕ್ಟರರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಈಗ ನಿಮ್ಮ ಪ್ರಶ್ನೆ: ಊಟ ಮಾಡಿ ತಗೊಂಡರೆ ಏನೂ ಆಗುವುದಿಲ್ಲವೇ? ಖರೆ ಅಲ್ಲ. ಗುಳಿಗೆ ಹೊಟ್ಟೆಯ ಗೋಡೆಗೆ ತಾಗಿ ಸುಡುತ್ತದೆ, ಮೇಲೆ ಎರಡು ರೊಟ್ಟಿ ಬಿದ್ದರೆ ತಾಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ತಾಗಿ ಆಗುವ ಕೆಡುಕು ಸ್ವಲ್ಪ ಇದ್ದರೂ ದೊಡ್ಡ ಕೆಡುಕು ಆಗುವುದು ರಕ್ತದ ಮೂಲಕ. ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ಇದರ ಗುಟ್ಟನ್ನು ಬಿಡಿಸಿದರು, 1982ರ ನೊಬೆಲ್ ಬಹುಮಾನದಲ್ಲಿ ಅವರೂ ಪಾಲುದಾರರು. ದೇಹಕ್ಕೆ ಪೆಟ್ಟಾದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ನೋವು, ಬಾವು, ಜ್ವರ ತರುತ್ತದೆ. ಈ ಗುಳಿಗೆಗಳು ಅದು ಹುಟ್ಟುವುದನ್ನೇ ತಡೆಯುತ್ತವೆ. ಆದರೆ ಹೊಟ್ಟೆಯ ಒಳಗೋಡೆಗೆ ಲೋಳೆಯ ಹೊದಿಕೆ ಹಾಕಿಸಿ ಆಮ್ಲದಿಂದ ಕಾಯುವುದೂ ಇದೇ ಪ್ರೊಸ್ಟಾಗ್ಲಾಂಡಿನ್. ನೋವನ್ನು ಅಡಗಿಸಲು ಹೋಗಿ ಕಾವಲುಗಾರನನ್ನೂ ಮಲಗಿಸಿದಂತಾಗುತ್ತದೆ. ಆದ್ದರಿಂದಲೇ ಸೊಂಟಕ್ಕೆ ಚುಚ್ಚಿಸಿಕೊಂಡ ಇಂಜೆಕ್ಷನ್ನೂ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಊಟದ ಜೊತೆ ನುಂಗಿದರೆ ತೊಳಸುವಿಕೆ, ಉರಿ ಕಡಿಮೆಯಾಗುತ್ತವೆ, ಹಾಗೆ ನುಂಗುವುದೇ ಒಳ್ಳೆಯದು. ಹುಣ್ಣಿನಿಂದ ಮಾತ್ರ ಊಟ ಕಾಯುವುದಿಲ್ಲ.

ಇಂಥ ಉರಿ ಬಂದಾಗ ನಮ್ಮ ಕಡೆ ಮೊದಲ ಆಪಾದನೆ ಬ್ಯಾಡಗಿ ಮೆಣಸಿನಕಾಯಿಯ ಮೇಲೆ. ಖಾರ ಬಿಡಿಸಿ, ಮೊಸರನ್ನ ಉಣ್ಣಿಸಿ, ಗುಳಿಗೆಯನ್ನು ಮಾತ್ರ ಹಾಗೇ ಮುಂದುವರಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಖಾರ ಉರಿ ತರಬಹುದು, ಹುಣ್ಣು ತರುವುದಿಲ್ಲ. ಪೊಟ್ಟಣದಲ್ಲಿದ್ದ ರ‍್ಯಾನಿಟಿಡಿನ್ ಕೂಡ ಅರ್ಧ ಕಾವಲು ಮಾತ್ರ. ಮಾಮೂಲಿ ಪ್ರಮಾಣದಲ್ಲಿ ಅದು ಸಣ್ಣಕರುಳಿನ ಮೊದಲ ಭಾಗದ ಹುಣ್ಣನ್ನು ತಡೆಯುತ್ತದೆ, ಜಠರದ ಹುಣ್ಣನ್ನು ಅಷ್ಟಾಗಿ ತಡೆಯುವುದಿಲ್ಲ. ನಿಜವಾಗಿ ಕಾವಲು ಬೇಕಾದವರಿಗೆ ಡಾಕ್ಟರರು ಬರೆಯುವುದು ಒಮೆಪ್ರಜೋಲ್ 20 ಅಥವಾ ಅದರ ಜಾತಿಯದು. ಅದನ್ನು ಬೆಳಗಿನ ನಾಷ್ಟಾಕ್ಕೆ ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕು. ಉರಿ ಬಂದ ಮೇಲೆ ನುಂಗುವ ಔಷಧವಲ್ಲ ಅದು.

ಹೊಟ್ಟೆಗಿಂತಲೂ ನಮಗೆ ಹೆಚ್ಚು ಚಿಂತೆಯಾದದ್ದು ಮೂತ್ರಪಿಂಡದ್ದು. ಅದರೊಳಗಿನ ಒಂದೊಂದು ಸೋಸುಗೂಡನ್ನೂ ಒಂದು ಮಡಿ ಎಂದುಕೊಳ್ಳಿ: ನೀರು ಬರುವ ಬಾಯಿ ಒಂದು, ಹೋಗುವ ಬಾಯಿ ಒಂದು, ನಡುವೆ ಒತ್ತಡ ನಿಂತರೆ ಮಾತ್ರ ಸೋಸುವಿಕೆ. ದೇಹದಲ್ಲಿ ನೀರು ಕಡಿಮೆಯಾದಾಗ ಬರುವ ಬಾಯಿಯನ್ನು ಅಗಲವಾಗಿ ಹಿಡಿದಿಡುವುದು ಪ್ರೊಸ್ಟಾಗ್ಲಾಂಡಿನ್. ನೋವಿನ ಗುಳಿಗೆ ಆ ಬಾಯಿಯನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟಾನ್ ಹೋಗುವ ಬಾಯಿಯನ್ನು ಸಡಿಲಿಸುತ್ತದೆ. ಹೈಡ್ರೋಕ್ಲೋರೋಥಯಜೈಡ್ ನೀರನ್ನೇ ಮೂತ್ರದಲ್ಲಿ ಹೊರಹಾಕುತ್ತದೆ. ಬರುವುದು ಕಿರಿದು, ಹೋಗುವುದು ಸಡಿಲು, ನೀರೂ ಕಡಿಮೆ: ಮಡಿಯಲ್ಲಿ ಒತ್ತಡವೇ ನಿಲ್ಲುವುದಿಲ್ಲ, ಸೋಸುವಿಕೆ ಕುಸಿಯುತ್ತದೆ. ಈ ಮೂರೂ ಕೂಡುವುದು ವೈದ್ಯರು ಎಲ್ಲೆಡೆ ಹೆದರುವ ಜೋಡಣೆ, ಮೊದಲ ತಿಂಗಳಲ್ಲೇ ಅಪಾಯ ಹೆಚ್ಚು. ಇದರ ಮೇಲೆ ಏಪ್ರಿಲ್-ಮೇ ಬಿಸಿಲಲ್ಲಿ ಹೊಲದ ಬೆವರು, ಇಲ್ಲವೇ ಎರಡು ದಿನದ ವಾಂತಿಭೇದಿ ಸೇರಿದರೆ ಆರೋಗ್ಯವಂತರ ಮೂತ್ರಪಿಂಡವೂ ತಡೆದುಕೊಳ್ಳದು. ಇಷ್ಟಲ್ಲದೆ ಈ ಗುಳಿಗೆಗಳು ಉಪ್ಪು-ನೀರನ್ನು ದೇಹದಲ್ಲಿ ಹಿಡಿದಿಟ್ಟು ಬಿ.ಪಿ. ಏರಿಸುತ್ತವೆ, ಬಿ.ಪಿ. ಗುಳಿಗೆಯ ಕೆಲಸವನ್ನೂ ಮೊಂಡು ಮಾಡುತ್ತವೆ. ಹೃದಯಾಘಾತದ ಅಪಾಯವೂ ಇದೆ. ಇದೇ ಮನೆತನದ ರೋಫೆಕಾಕ್ಸಿಬ್ 2004ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿದ್ದದ್ದು ಈ ಕಾರಣಕ್ಕೆ.

ಹಾಗಾದರೆ ಯಾರೂ ನುಂಗಲೇಬಾರದೇ? ಹಾಗಲ್ಲ. ಹಲ್ಲುನೋವು, ಕಾಲು ಉಳುಕು, ಮುಟ್ಟಿನ ನೋವಿಗೆ ಇವಕ್ಕಿಂತ ಒಳ್ಳೆಯ ಗುಳಿಗೆ ಸಿಗುವುದು ಕಷ್ಟ. ಬೇರೆ ಕಾಯಿಲೆಯಿಲ್ಲದ ದೊಡ್ಡವರಿಗೆ ಐಬುಪ್ರೊಫೆನ್ 200ರಿಂದ 400 ಮಿಲಿಗ್ರಾಂ, ಆರರಿಂದ ಎಂಟು ತಾಸಿನ ಅಂತರದಲ್ಲಿ, ಡಾಕ್ಟರರ ಸಲಹೆಯಿಲ್ಲದೆ ದಿನಕ್ಕೆ 1200 ದಾಟದಂತೆ. ಡೈಕ್ಲೋಫೆನಾಕ್ 50 ಆದರೆ ದಿನಕ್ಕೆ ಎರಡು, ಬಹಳವೆಂದರೆ ಮೂರು, ಅದೂ ಚೀಟಿ ಇದ್ದರೆ. ಅಸಿಕ್ಲೋಫೆನಾಕ್ 100 ದಿನಕ್ಕೆ ಎರಡೇ. ಕೆಟೊರೊಲ್ಯಾಕ್ ಹಲ್ಲಿನ ಡಾಕ್ಟರರು ಬರೆಯುವ ಗಟ್ಟಿ ಗುಳಿಗೆ, ಐದು ದಿನದ ಮೇಲೆ ಒಂದು ದಿನವೂ ಕೂಡದು. ಎಲ್ಲದರಲ್ಲೂ ಒಂದನ್ನೇ ಆರಿಸಿ, ನೋವು ಹಿಡಿತಕ್ಕೆ ಬರುವ ಕಡಿಮೆ ಪ್ರಮಾಣ ಹಿಡಿದು, ಮೂರು ದಿನ ನೋಡಿ. ಅಷ್ಟರಲ್ಲಿ ತಗ್ಗದ ನೋವನ್ನು ಡಾಕ್ಟರರಿಗೆ ತೋರಿಸಬೇಕು, ನಾಲ್ಕನೇ ದಿನಕ್ಕೆ ಇನ್ನೊಂದು ಪೊಟ್ಟಣ ತರಬಾರದು.

ಜನ ಎಡವುವ ಜಾಗ ಇನ್ನೊಂದಿದೆ. ಡೈಕ್ಲೋಫೆನಾಕ್ ಗುಳಿಗೆಗೆ ಬಹುಮಟ್ಟಿಗೆ ಹೊಟ್ಟೆಯಲ್ಲಿ ಕರಗದ ಲೇಪ ಇರುತ್ತದೆ. ಕರುಳಿಗೆ ಇಳಿದ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ತುಂಬಿದ ಊಟದ ಮೇಲೆ ನುಂಗಿದರೆ ಕೆಲಸ ಶುರುವಾಗಲು ಎರಡು-ಮೂರು ತಾಸು ಹಿಡಿಯಬಹುದು. ಒಂದು ತಾಸಿಗೆ ನೋವು ಇಳಿಯಲಿಲ್ಲವೆಂದು ಇನ್ನೊಂದು ನುಂಗುತ್ತಾರೆ, ಸಂಜೆಗೆ ಎರಡೂ ಕೂಡಿ ರಕ್ತಕ್ಕೆ ಬರುತ್ತವೆ. ಲೇಪದ ಗುಳಿಗೆಯನ್ನೂ ‘ಎಸ್.ಆರ್.’ (ನಿಧಾನವಾಗಿ ಔಷಧ ಬಿಡುವುದು) ಎಂದು ಬರೆದ ಗುಳಿಗೆಯನ್ನೂ ಮುರಿಯಬೇಡಿ, ಅರೆಯಬೇಡಿ. ಎಸ್.ಆರ್. 100 ಎಂದರೆ ಇಡೀ ದಿನದ ಔಷಧ ಒಂದರಲ್ಲೇ. ಪುಡಿ ಮಾಡಿದರೆ ಎಲ್ಲವೂ ಒಮ್ಮೆಲೇ ಸುರಿಯುತ್ತದೆ.

ಜ್ವರಕ್ಕೆಂದು ಮನೆಯಲ್ಲಿಟ್ಟ ಕಾಂಬಿಫ್ಲಾಮಿನಲ್ಲಿ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಇವೆ. ನಡನೋವಿಗೆ ಡೈಕ್ಲೋಫೆನಾಕ್, ತಲೆನೋವಿಗೆ ಕಾಂಬಿಫ್ಲಾಮ್, ಜ್ವರಕ್ಕೆ ಡೋಲೊ 650 (ಇದೂ ಪ್ಯಾರಸಿಟಮಾಲೇ) ಎಂದು ಒಂದೇ ದಿನ ನುಂಗಿದವರು ನೋವಿನ ಗುಳಿಗೆಯನ್ನೂ ಪ್ಯಾರಸಿಟಮಾಲನ್ನೂ ಎರಡೆರಡು ಕಡೆಯಿಂದ ತುಂಬಿಕೊಂಡಿರುತ್ತಾರೆ. ಮಳೆಗಾಲದ ಮೈಕೈನೋವಿನ ಜ್ವರಕ್ಕಂತೂ ಈ ಮನೆತನದ ಯಾವ ಗುಳಿಗೆಯೂ ಬೇಡ. ಅದು ಡೆಂಗಿ ಆಗಿದ್ದರೆ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕುಸಿದಿರುವಾಗಲೇ ರಕ್ತ ಹೆಪ್ಪುಗಟ್ಟುವುದನ್ನೂ ತಡೆದಂತಾಗುತ್ತದೆ. ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ.

ಹೊಟ್ಟೆಹುಣ್ಣು ಆಗಿದ್ದವರು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು, ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಔಷಧ ನುಂಗುವವರು, ಗರ್ಭಿಣಿಯರು (20ನೇ ವಾರದ ನಂತರ ವಿಶೇಷವಾಗಿ, ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು) ತಾವಾಗಿಯೇ ಕೊಂಡು ನುಂಗಬಾರದು. ದಮ್ಮು ಇದ್ದವರಲ್ಲಿ ಕೆಲವರಿಗೆ ಒಂದೇ ಗುಳಿಗೆಗೆ ಉಸಿರು ಕಟ್ಟುತ್ತದೆ. ಹೃದಯಕ್ಕೆಂದು ಆಸ್ಪಿರಿನ್ 75 ತೆಗೆದುಕೊಳ್ಳುವವರು ಐಬುಪ್ರೊಫೆನ್ ಸೇರಿಸಿದರೆ ಆಸ್ಪಿರಿನ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ, ಹೃದಯದ ರಕ್ಷಣೆ ತಪ್ಪಬಹುದು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ.

ತಂದೆಯವರ ನಡಕ್ಕೆ ಮರಳೋಣ. ಚೀಲ ಎತ್ತಿ ಹಿಡಿದುಕೊಂಡ ನಡ ಬಹುಪಾಲು ಕೆಲವು ವಾರಗಳಲ್ಲಿ ತಾನೇ ಸಡಿಲುತ್ತದೆ. ಗುಳಿಗೆ ನೋವನ್ನು ಮರೆಸಿತೇ ಹೊರತು ಉಳುಕಿದ ಸ್ನಾಯು ಎರಡೇ ದಿನದಲ್ಲಿ ಕೂಡಿರಲಿಲ್ಲ, ಅದಕ್ಕೇ ಎರಡನೇ ಚೀಲಕ್ಕೆ ಮತ್ತೆ ಹಿಡಿಯಿತು. ಹಾಸಿಗೆ ಹಿಡಿದು ಮಲಗುವುದು ಬೇಡ. ಮನೆಯೊಳಗೆ, ಅಂಗಳದಲ್ಲಿ ತಾಸಿಗೊಮ್ಮೆಯಾದರೂ ನಡೆದಾಡಲಿ. ಬಿಸಿನೀರಿನ ಚೀಲದ ಕಾವು 15-20 ನಿಮಿಷ, ದಿನಕ್ಕೆ ಮೂರು-ನಾಲ್ಕು ಸಲ ಕೊಡಿ. ಭಾರ ಎತ್ತುವ ಕೆಲಸ ಕೆಲವು ವಾರ ಬೇರೆಯವರು ನೋಡಿಕೊಳ್ಳಲಿ. ಸುಗ್ಗಿಯಲ್ಲಿ ಈ ಮಾತು ಎಷ್ಟು ಕಷ್ಟದ್ದೆಂದು ಬಲ್ಲೆವು, ಆದರೂ ಇದನ್ನು ಬಿಟ್ಟು ದಾರಿಯಿಲ್ಲ. ಪ್ಯಾರಸಿಟಮಾಲ್ ನಡನೋವಿಗೆ ಅಷ್ಟಾಗಿ ನಾಟುವುದಿಲ್ಲ. ಆದರೂ ಅವರ ಮೂತ್ರಪಿಂಡಕ್ಕೆ ಕ್ಷೇಮ ಎಂಬ ಕಾರಣಕ್ಕೆ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ 500 ಅಥವಾ 650ರ ಒಂದು ಗುಳಿಗೆ, ಆರು ತಾಸಿನ ಅಂತರ, ದಿನಕ್ಕೆ ನಾಲ್ಕರ ಒಳಗೆ. ಕಾಲಿಗೆ ಬಲ ಕಡಿಮೆಯಾದರೆ, ಕೂಡುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ ಅದು ಬರೀ ಉಳುಕಲ್ಲ, ಅದೇ ದಿನ ಆಸ್ಪತ್ರೆ ಸೇರಿಸಿ.

ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬಗ್ಗೆಯೂ ಕೇಳಿದ್ದೀರಿ. ಅದರಿಂದ ರಕ್ತಕ್ಕೆ ಸೇರುವುದು ಗುಳಿಗೆಯ ಸಣ್ಣ ಪಾಲು. ಚರ್ಮದ ಸಮೀಪದ ಮೊಣಕಾಲು, ಹರಡು, ಮಣಿಕಟ್ಟಿಗೆ ಚೆನ್ನಾಗಿ ನಾಟುತ್ತದೆ, ನಡದ ಆಳದ ಸ್ನಾಯುಗಳಿಗೆ ಅಷ್ಟಿಲ್ಲ. ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು-ನಾಲ್ಕು ಸಲ. ಅಂದರೆ 30 ಗ್ರಾಂ ಟ್ಯೂಬು ಒಂದು ಮೊಣಕಾಲಿಗೆ ಮೂರ್ನಾಲ್ಕು ದಿನಕ್ಕೆ ಮುಗಿಯಬೇಕು. ಕಡಲೆಕಾಳಿನಷ್ಟು ತೀಡಿ ಒಂದೇ ಟ್ಯೂಬನ್ನು ತಿಂಗಳಿಡೀ ಹಚ್ಚಿದರೆ ಗುಣ ಕಾಣದು. ಹಚ್ಚಿದ ಜಾಗಕ್ಕೆ ಕಾವು ಕೊಡಬೇಡಿ, ಬಿಗಿಯಾಗಿ ಬಟ್ಟೆ ಕಟ್ಟಬೇಡಿ, ಕೈ ತೊಳೆದುಕೊಳ್ಳಿ. ತಂದೆಯವರಿಗೆ ಕ್ರಿಯಾಟಿನಿನ್ ವರದಿ ಬರುವವರೆಗೆ ಜೆಲ್ ಕೂಡ ಬೇಡ.

ಗದಗಿನ ಜಿಲ್ಲಾ ಆಸ್ಪತ್ರೆಗೋ ನಿಮ್ಮ ತಾಲೂಕು ಆಸ್ಪತ್ರೆಗೋ ಹೋಗುವಾಗ ಸ್ಟ್ರಿಪ್ಪಿನ ತುಂಡು, ಬಿ.ಪಿ. ಗುಳಿಗೆಯ ಡಬ್ಬಿ ಎರಡನ್ನೂ ಒಯ್ಯಿರಿ. ಉಳಿದಿರುವ ಬಿಳಿ ಗುಳಿಗೆಯನ್ನು ಬಿಸಾಡದೆ ಅದೇ ಕಾಗದದಲ್ಲಿ ಸುತ್ತಿ ಡಾಕ್ಟರರ ಕೈಗೆ ಕೊಡಿ, ಎಷ್ಟು ದಿನ, ದಿನಕ್ಕೆ ಎಷ್ಟು ನುಂಗಿದರು ಎಂಬುದನ್ನು ಅದರ ಮೇಲೇ ಬರೆದಿಡಿ.